ಹೆದರಿಕೆಯಾದಾಗ ಎಲ್ಲಿಗೆ ಓಡುತ್ತೀರಿ?

ಎಲ್ಲರಿಗೂ ವಂದನೆಗಳು.

ದಾವೀದನ ಕಥೆ ನಿಮಗೆಲ್ಲ ಗೊತ್ತು. ಸಂಡೇ ಸ್ಕೂಲಿನಲ್ಲಿ ನಾವೆಲ್ಲ ಬಣ್ಣ ಹಚ್ಚಿದ ಚಿತ್ರ ಅದು. ಈ ಕಡೆ ಕವಣೆ ಹಿಡಿದ ಹುಡುಗ, ಆ ಕಡೆ ಬೆಟ್ಟದಂಥ ಗೊಲ್ಯಾತ. ಹಳ್ಳದಿಂದ ಆರಿಸಿದ ಐದು ನುಣುಪು ಕಲ್ಲು. ಒಂದೇ ಏಟಿಗೆ ಗೊಲ್ಯಾತ ಬೋರಲು ಬಿದ್ದ. ಅಲ್ಲಿಗೆ ಪಾಠ ಮುಗಿಯಿತು. ನೀವೂ ಹೀಗೇ ಧೈರ್ಯವಾಗಿರಿ ಮಕ್ಕಳೇ ಎಂದು ಹೇಳಿ ಮನೆಗೆ ಕಳಿಸಿದರು.

ಸಂಡೇ ಸ್ಕೂಲಿನಲ್ಲಿ ಹೇಳದ ಇನ್ನೊಂದು ಕಥೆ ಇದೆ. 1 ಸಮುವೇಲ 21ನೇ ಅಧ್ಯಾಯ. ದಾವೀದ ಅರಸನಾದ ಸೌಲನಿಗೆ ಹೆದರಿ ಓಡಿಹೋಗುತ್ತಿದ್ದಾನೆ. ದಾರಿಯಲ್ಲಿ ನೋಬ್ ಎಂಬ ಊರಿನಲ್ಲಿ ಅಹೀಮೆಲೆಕ ಎಂಬ ಯಾಜಕನ ಹತ್ತಿರ ಬರುತ್ತಾನೆ. ಕೈಯಲ್ಲಿ ಆಯುಧವಿಲ್ಲ. ಒಂದು ಕತ್ತಿಯೋ ಭರ್ಜಿಯೋ ಸಿಗುತ್ತದಾ ಎಂದು ಕೇಳುತ್ತಾನೆ. ಇರುವುದು ಒಂದೇ, ನೀನು ಕೊಂದೆಯಲ್ಲ ಗೊಲ್ಯಾತ, ಅವನ ಕತ್ತಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇವೆ ಅನ್ನುತ್ತಾನೆ ಯಾಜಕ. ಅದಕ್ಕೆ ಸಮನಾದದ್ದು ಬೇರೆ ಇಲ್ಲ, ಕೊಡು ಎಂದು ದಾವೀದ ಅದನ್ನು ತೆಗೆದುಕೊಂಡ. ತೆಗೆದುಕೊಂಡು ಅದೇ ದಿನ ಎಲ್ಲಿಗೆ ಹೋದ ಗೊತ್ತಾ? ಗತ್ ಊರಿಗೆ. ಗತ್ ಯಾರ ಊರು? ಗೊಲ್ಯಾತನ ಊರು!

ಸತ್ತವನ ಕತ್ತಿ ಹಿಡಿದುಕೊಂಡು ಅವನದೇ ಊರಿಗೆ ಅಡಗಿಕೊಳ್ಳಲು ಹೋಗಿದ್ದಾನೆ. ಹೆದರಿದವನ ಬುದ್ಧಿ ಹೇಗೆ ಓಡುತ್ತದೆ ನೋಡಿ. ಅಲ್ಲಿನವರು ಗುರುತು ಹಿಡಿಯದೆ ಇರುತ್ತಾರಾ? ಇವನ ಬಗ್ಗೆಯೇ ಅಲ್ಲವೇ ಹೆಂಗಸರು ಹಾಡು ಕಟ್ಟಿ ಕುಣಿದದ್ದು ಎಂದು ಅರಸನಾದ ಆಕೀಷನಿಗೆ ಹೇಳಿದರು. ದಾವೀದನಿಗೆ ಬಹಳ ಹೆದರಿಕೆಯಾಯಿತು ಎಂದು ಬೈಬಲ್ ನೇರವಾಗಿ ಬರೆದಿದೆ. ಅವನು ಹುಚ್ಚನ ಹಾಗೆ ನಟಿಸತೊಡಗಿದ. ಬಾಗಿಲ ಕದಗಳನ್ನು ಪರಪರ ಕೆರೆದ. ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡ. ಆಕೀಷ ಬೇಸತ್ತು, ನನ್ನಲ್ಲಿ ಹುಚ್ಚರು ಕಡಿಮೆ ಅಂತ ಇವನನ್ನೂ ಕರೆತಂದಿರಾ ಎಂದು ರೇಗಿದ. ಹಾಗೆ ಜೀವ ಉಳಿಯಿತು.

ಈಗ ಕೀರ್ತನೆ 56 ತೆಗೆಯಿರಿ. ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಶೀರ್ಷಿಕೆ ಇರುತ್ತದೆ, ನಾವು ಯಾವಾಗಲೂ ಬಿಟ್ಟು ಓದುವಂಥದ್ದು. ಫಿಲಿಷ್ಟಿಯರು ದಾವೀದನನ್ನು ಗತ್ ಊರಿನಲ್ಲಿ ಹಿಡಿದಾಗಿನ ಕೀರ್ತನೆ ಇದು ಎಂದಿದೆ. ಅಂದರೆ ಇದು ಆ ಜೊಲ್ಲು ಸುರಿಸಿದ ಮನುಷ್ಯನ ಪ್ರಾರ್ಥನೆ. ಇದರ 3ನೇ ವಚನ ನಿಮಗೆ ಬಾಯಿಪಾಠ ಇರಬಹುದು: ನನಗೆ ಹೆದರಿಕೆಯಾದಾಗ ನಿನ್ನಲ್ಲೇ ಭರವಸವಿಡುತ್ತೇನೆ.

'ಆದಾಗ' ಎಂಬ ಮಾತನ್ನು ಸ್ವಲ್ಪ ನೋಡಿ. ಹೆದರಿಕೆ ಆದರೆ ಅಂತ ಇಲ್ಲ. ಆಗುತ್ತದೆ, ಅದು ಗೊತ್ತೇ ಇದೆ. ಆದಾಗ ಏನು ಮಾಡುತ್ತೇನೆ ಎನ್ನುವುದಷ್ಟೇ ಮಾತು. ಮುಂದಿನ ವಚನದಲ್ಲೇ 'ನಾನು ಹೆದರುವುದಿಲ್ಲ' ಅನ್ನುತ್ತಾನೆ. ಅದಾದ ಮೇಲೆ ಮತ್ತೆ ವೈರಿಗಳು ಹೊಂಚು ಹಾಕುತ್ತಿದ್ದಾರೆ ಎಂಬ ಗೋಳು, ಕಣ್ಣೀರು. 11ನೇ ವಚನಕ್ಕೆ ಬರುವಾಗ ಮತ್ತೆ 'ಹೆದರುವುದಿಲ್ಲ'. ಒಂದು ಸಲ ಹೇಳಿದ್ದು ಸಾಕಾಗಲಿಲ್ಲ ಪಾಪ. ಪ್ರಾರ್ಥನೆ ಮುಗಿಯುವುದರೊಳಗೆ ಎರಡು ಸಲ ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ನನಗೆ ಈ ದಾವೀದ ಕವಣೆಯ ದಾವೀದನಿಗಿಂತ ಹತ್ತಿರದವನು.

ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ, ಬಯಾಪ್ಸಿಗೆ ಬರೆದುಕೊಟ್ಟರು. ರಿಪೋರ್ಟ್ ಬರಲು ಒಂದು ವಾರ ಎಂದರು. ನಡುವೆ ಒಂದು ಭಾನುವಾರ ಬಂತು. ಆ ಭಾನುವಾರ ಸಭೆಯಲ್ಲಿ ಮಾತಾಡುವ ಸರದಿ ನನ್ನದೇ. ವಿಷಯ ಮೊದಲೇ ಗೊತ್ತುಮಾಡಿ ಆಗಿತ್ತು, ಫಿಲಿಪ್ಪಿ 4ನೇ ಅಧ್ಯಾಯ, ಯಾವುದಕ್ಕೂ ಚಿಂತೆ ಮಾಡಬೇಡಿರಿ ಎಂಬ ಭಾಗ. ಮಾತಾಡಿದೆ. ಚೆನ್ನಾಗಿತ್ತು ಅಂತಲೂ ಕೆಲವರು ಹೇಳಿದರು. ಅದೇ ರಾತ್ರಿ ಮೂರು ಗಂಟೆಗೆ ಬಾತ್‌ರೂಮಿನ ಕನ್ನಡಿ ಮುಂದೆ ನಿಂತಿದ್ದೆ. ಮನೆಯವರು ಏಳಬಾರದು ಅಂತ ಬಾಗಿಲು ಹಾಕಿಕೊಂಡಿದ್ದೆ. ಬೆರಳು ತಾನಾಗಿಯೇ ಗಂಟಿನ ಮೇಲೆ ಹೋಗುತ್ತಿತ್ತು. ನಿನ್ನೆಗಿಂತ ದೊಡ್ಡದಾಗಿದೆಯಾ? ಗಟ್ಟಿಯಾಗಿದೆಯಾ? ಒತ್ತಿ ಒತ್ತಿ ಚರ್ಮ ಕೆಂಪಾಗಿತ್ತು. ಎದೆ ಡವಡವ ಅನ್ನುತ್ತಿತ್ತು. ಬೆಳಿಗ್ಗೆ ನಾನೇ ಓದಿದ ವಾಕ್ಯ ಒಂದೂ ನೆನಪಿಗೆ ಬರಲಿಲ್ಲ.

ಮರುದಿನ ಒಬ್ಬ ಗೆಳೆಯರಿಗೆ ಫೋನ್ ಮಾಡಿ ಹೇಳಿಕೊಂಡೆ. ಅವರು ಒಳ್ಳೆಯವರೇ. ಆದರೆ ಅವರ ಬಾಯಿಂದ ಮೊದಲು ಬಂದ ಮಾತು, "ನಂಬಿಕೆ ಇರುವವರಿಗೆ ಹೆದರಿಕೆ ಯಾಕೆ ಬ್ರದರ್?" ಫೋನ್ ಇಟ್ಟ ಮೇಲೆ ನನಗೆ ಒಂದರ ಜಾಗದಲ್ಲಿ ಎರಡು ಕಷ್ಟ. ಗಂಟಿನ ಹೆದರಿಕೆ ಇದ್ದೇ ಇತ್ತು. ಜೊತೆಗೆ ಹೆದರುತ್ತಿದ್ದೇನಲ್ಲಾ ಎಂಬ ನಾಚಿಕೆ. ಮುಂದೆ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ "ದೇವರ ಕೃಪೆಯಿಂದ ಚೆನ್ನಾಗಿದ್ದೇನೆ" ಅಂದೆ.

ರಿಪೋರ್ಟ್ ಏನು ಬಂತು ಅಂತ ನಿಮಗೆ ಕುತೂಹಲ ಇರುತ್ತದೆ. ಆಮೇಲೆ ಹೇಳುತ್ತೇನೆ. ಈಗ ಆ ನಾಚಿಕೆಯ ವಿಷಯ ಮುಗಿಸೋಣ.

ಬೈಬಲ್‌ನಲ್ಲಿ ಹೆದರಿಕೆ ಅನ್ನುವ ಮಾತು ಮೊದಲ ಸಲ ಮನುಷ್ಯನ ಬಾಯಿಂದ ಬರುವುದು ಎಲ್ಲಿ? ಆದಿಕಾಂಡ 3ನೇ ಅಧ್ಯಾಯ, ಏದೆನ್ ತೋಟ. ದೇವರು "ನೀನು ಎಲ್ಲಿದ್ದೀ?" ಎಂದು ಕೂಗುತ್ತಾನೆ. ಆದಾಮ ಮರಗಳ ಹಿಂದಿನಿಂದ ಉತ್ತರ ಕೊಡುತ್ತಾನೆ. ನಿನ್ನ ಸಪ್ಪಳ ಕೇಳಿತು, ಬೆತ್ತಲೆಯಾಗಿದ್ದೇನೆ ಎಂದು ಹೆದರಿ ಅಡಗಿಕೊಂಡೆ ಅನ್ನುತ್ತಾನೆ. ಹೆದರಿಕೆ, ನಾಚಿಕೆ, ಅಡಗಿಕೊಳ್ಳುವುದು, ಮೂರೂ ಒಂದೇ ಉಸಿರಿನಲ್ಲಿ. ಯಾರ ಹತ್ತಿರ ಓಡಿ ಹೋಗಬೇಕಿತ್ತೋ ಅವನಿಂದಲೇ ಓಡಿದ್ದಾನೆ. ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮಾಡಿದ್ದೂ ಅದೇ ಅಲ್ವಾ? ಮರದ ಬದಲು ಬಾಗಿಲು, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ಹೆದರಬೇಡ' ಎಂಬ ಮಾತು ಬೈಬಲ್‌ನಲ್ಲಿ 365 ಸಲ ಇದೆ, ದಿನಕ್ಕೊಂದರಂತೆ ಎಂದು ಎಲ್ಲೋ ಕೇಳಿರುತ್ತೀರಿ. ಕೇಳಲು ಸೊಗಸಾಗಿದೆ. ಕೂತು ಎಣಿಸಿದರೆ ಅಷ್ಟು ಸಿಗುವುದಿಲ್ಲ, ತುಂಬ ಕಡಿಮೆ ಸಿಗುತ್ತದೆ. ಪರವಾಗಿಲ್ಲ. ಎಷ್ಟು ಸಲ ಎನ್ನುವುದಕ್ಕಿಂತ ಯಾರಿಗೆ ಹೇಳಿದ್ದು ಅಂತ ನೋಡಿದರೆ ಜಾಸ್ತಿ ಉಪಯೋಗ. ಮಕ್ಕಳಿಲ್ಲದ ಅಬ್ರಹಾಮನಿಗೆ. ನೀರು ಮುಗಿದು, ಮಗನನ್ನು ಪೊದೆಯ ಕೆಳಗೆ ಬಿಟ್ಟು, ದೂರ ಕೂತು ಅಳುತ್ತಿದ್ದ ಹಾಗರಳಿಗೆ. ಕೊರಿಂಥದಲ್ಲಿ ಪೌಲನಿಗೆ. ಪೌಲನಿಗಾ ಅಂತ ಕೇಳಬೇಡಿ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದಲ್ಲಿ ಕರ್ತನು ರಾತ್ರಿ ದರ್ಶನದಲ್ಲಿ ಅವನಿಗೆ ಹೆದರಬೇಡ, ಸುಮ್ಮನಿರದೆ ಮಾತಾಡು ಎಂದು ಹೇಳಿದ್ದಾನೆ. ಹೆದರದವನಿಗೆ ಯಾರಾದರೂ ಹೆದರಬೇಡ ಅಂತ ಹೇಳುತ್ತಾರಾ? ನಿಮ್ಮ ಬಳಿಗೆ ಬಂದಾಗ ಬಲಹೀನನಾಗಿ, ಭಯದಿಂದ ನಡುಗುತ್ತಿದ್ದೆ ಎಂದು ಪೌಲನೇ ಆಮೇಲೆ ಕೊರಿಂಥದವರಿಗೆ ಬರೆದಿದ್ದಾನೆ. ಮುಚ್ಚಿಡಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಮಾರ್ಕ 5. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಯಾಯೀರ ಸಭಾಮಂದಿರದ ಅಧ್ಯಕ್ಷ, ಊರಲ್ಲಿ ಮರ್ಯಾದಸ್ಥ. ಅವನ 12 ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಜನರ ಮುಂದೆಯೇ ಯೇಸುವಿನ ಪಾದಕ್ಕೆ ಬಿದ್ದು ಬೇಡಿಕೊಳ್ಳುತ್ತಾನೆ. ಯೇಸು ಅವನ ಜೊತೆ ಹೊರಟ. ಜನ ನೂಕುನುಗ್ಗಲು. ಆ ಗುಂಪಿನಲ್ಲಿ ಒಬ್ಬ ಹೆಂಗಸು, 12 ವರ್ಷದಿಂದ ರಕ್ತಸ್ರಾವ. ಮಗುವಿನ ವಯಸ್ಸೂ ಇವಳ ಕಾಯಿಲೆಯ ವಯಸ್ಸೂ ಒಂದೇ. ಇದ್ದಬದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು, ವಾಸಿಯಾಗುವ ಬದಲು ಜಾಸ್ತಿಯಾಗಿದೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅವಳು ಅಶುದ್ಧಳು, ಅವಳು ಮುಟ್ಟಿದವರೂ ಅಶುದ್ಧರು. ಅದಕ್ಕೇ ಹಿಂದಿನಿಂದ, ಯಾರಿಗೂ ಗೊತ್ತಾಗದ ಹಾಗೆ ಬಂದು ಬಟ್ಟೆ ಮುಟ್ಟಿದಳು. ಆ ಕ್ಷಣವೇ ವಾಸಿಯಾಯಿತು. ಸದ್ದಿಲ್ಲದೆ ಜಾರಿಕೊಂಡು ಹೋಗಬಹುದಿತ್ತು.

ಯೇಸು ನಿಂತುಬಿಟ್ಟ. "ನನ್ನ ಬಟ್ಟೆ ಮುಟ್ಟಿದವರು ಯಾರು?"

ಯಾಯೀರನ ಮುಖ ಹೇಗಾಗಿರಬೇಕು ಅಂತ ಒಂದು ನಿಮಿಷ ಯೋಚಿಸಿ. ಮನೆಯಲ್ಲಿ ಮಗಳು ಉಸಿರು ಎಳೆಯುತ್ತಿದ್ದಾಳೆ. ಇವನು ನೋಡಿದರೆ ರಸ್ತೆಯ ಮಧ್ಯೆ ನಿಂತು ಬಟ್ಟೆ ಮುಟ್ಟಿದವರು ಯಾರು ಅಂತ ಹುಡುಕುತ್ತಿದ್ದಾನೆ. ಶಿಷ್ಯರಿಗೇ ಅದು ವಿಚಿತ್ರ ಅನಿಸಿತು. ಇಷ್ಟು ಜನ ಮೈಮೇಲೆ ಬೀಳುತ್ತಿದ್ದಾರೆ, ಮುಟ್ಟಿದವರು ಯಾರು ಅಂತ ಕೇಳುತ್ತೀಯಲ್ಲಾ ಎಂದರು. ಯೇಸು ಕದಲಲಿಲ್ಲ. ಸುತ್ತಲೂ ನೋಡುತ್ತಲೇ ಇದ್ದ.

ಆಗ ಆ ಹೆಂಗಸು ಬಂದಳು. ಹೆದರಿ, ನಡುಗುತ್ತಾ ಬಂದಳು ಎಂದು ಬರೆದಿದೆ. ಬಂದು, ಆತನ ಮುಂದೆ ಬಿದ್ದು, ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದಳು. ಆದಾಮ ಹೆದರಿ ಅಡಗಿಕೊಂಡ. ಇವಳು ಹೆದರಿಯೂ ಎದುರಿಗೆ ಬಂದಳು. ಇಬ್ಬರಿಗೂ ಇದ್ದದ್ದು ಅದೇ ಹೆದರಿಕೆ, ಅದೇ ನಾಚಿಕೆ. ಕಾಲು ಯಾವ ಕಡೆ ಹೋಯಿತು ಎನ್ನುವುದು ಮಾತ್ರ ಬೇರೆ. ನಾನು ಇವತ್ತು ನಿಮ್ಮ ಮುಂದೆ ಹೇಳಬೇಕು ಅಂತ ಬಂದದ್ದು ಇಷ್ಟೇ. ನಂಬಿಕೆ ಅಂದರೆ ನಡುಕ ನಿಂತಿರಬೇಕು ಅಂತ ನಾವು ತಿಳಿದುಕೊಂಡಿದ್ದೇವೆ. ಯೇಸು ಅವಳಿಗೆ "ಮಗಳೇ, ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು" ಅಂದಾಗ ಅವಳ ಕೈ ಇನ್ನೂ ನಡುಗುತ್ತಿತ್ತು ಅಂತ ನನಗೆ ಅನಿಸುತ್ತದೆ. ಸುವಾರ್ತೆಗಳಲ್ಲಿ ಯೇಸು 'ಮಗಳೇ' ಎಂದು ಕರೆದದ್ದು ಈ ಒಬ್ಬಳನ್ನು ಮಾತ್ರ.

ಅಷ್ಟರಲ್ಲಿ ಯಾಯೀರನ ಮನೆಯಿಂದ ಜನ ಬಂದರು. ಮಗಳು ತೀರಿಹೋದಳು, ಇನ್ನು ಗುರುವಿಗೆ ಯಾಕೆ ತೊಂದರೆ ಕೊಡುತ್ತೀ ಎಂದರು. ಯೇಸು ಆ ಮಾತನ್ನು ಕೇಳಿಸಿಕೊಂಡ ಎಂದು ಕೆಲವು ಬೈಬಲ್‌ಗಳಲ್ಲಿದೆ, ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಇನ್ನು ಕೆಲವದರಲ್ಲಿದೆ. ಮೂಲ ಗ್ರೀಕ್ ಪದಕ್ಕೆ ಎರಡೂ ಅರ್ಥ ಇದೆ. ಕೇಳಿಯೂ ಕೇಳದವನ ಹಾಗೆ ಅಂತ ನಾವು ಕನ್ನಡದಲ್ಲಿ ಹೇಳುತ್ತೇವಲ್ಲ, ಹಾಗೆ ಅನ್ನಿ. ಯಾಯೀರನ ಕಡೆ ತಿರುಗಿ, "ಹೆದರಬೇಡ, ನಂಬಿಕೆ ಮಾತ್ರ ಇರಲಿ" ಅಂದ.

ಇದನ್ನು ಹೇಳಿದ್ದು ಎಲ್ಲಿ? ದಾರಿಯಲ್ಲಿ. ಮನೆ ಇನ್ನೂ ಬಂದಿಲ್ಲ. ಮಗಳು ಎದ್ದಿಲ್ಲ. ಯಾಯೀರನ ಕೈಯಲ್ಲಿ ಒಂದು ಸಾವಿನ ಸುದ್ದಿ ಇದೆ, ಪಕ್ಕದಲ್ಲಿ ನಡೆಯುತ್ತಿರುವ ಒಬ್ಬ ಮನುಷ್ಯ ಇದ್ದಾನೆ. ಇನ್ನೇನೂ ಇಲ್ಲ. ಉಳಿದ ದಾರಿ ನಡೆಯಬೇಕು. ನಮ್ಮಲ್ಲಿ ಹೆಚ್ಚಿನವರು ಇರುವುದು ಆ ದಾರಿಯಲ್ಲೇ ಅಂತ ಕಾಣುತ್ತದೆ. ಸುದ್ದಿ ಬಂದಿದೆ, ಮನೆ ಬಂದಿಲ್ಲ. ಆ ಮಧ್ಯದ ದಾರಿಗೆ ಸಿಕ್ಕಿದ್ದು ವಿವರಣೆ ಅಲ್ಲ, ಜೊತೆ. ಕೀರ್ತನೆ 23ರಲ್ಲಿಯೂ ಹೀಗೇ ಒಂದು ಸೂಕ್ಷ್ಮ ಇದೆ. ಹಸಿರು ಹುಲ್ಲು, ತಣ್ಣನೆಯ ನೀರು ಇರುವವರೆಗೆ ದಾವೀದ ದೇವರ ಬಗ್ಗೆ ಹೇಳುತ್ತಾನೆ: ಆತನು ನಡೆಸುತ್ತಾನೆ, ಆತನು ಕಾಯುತ್ತಾನೆ. ಕಾರ್ಗತ್ತಲ ಕಣಿವೆ ಬಂದ ಕೂಡಲೇ 'ಆತನು' ಹೋಗಿ 'ನೀನು' ಬಂತು. ನೀನು ನನ್ನ ಹತ್ತಿರ ಇದ್ದೀ. ಬಿಸಿಲಿದ್ದಾಗ ದೇವರ ಬಗ್ಗೆ ಮಾತು, ಕತ್ತಲಾದಾಗ ದೇವರ ಹತ್ತಿರವೇ ಮಾತು.

ಇನ್ನು ಗಲಿಲಾಯದ ಬಿರುಗಾಳಿ. ಇದರ ಬಗ್ಗೆ ನೀವು ತುಂಬ ಕೇಳಿದ್ದೀರಿ, ಎರಡೇ ಮಾತು ಹೇಳುತ್ತೇನೆ. ಗಲಿಲಾಯ ಸಮುದ್ರ ಅಂತ ಹೆಸರು, ಇರುವುದು ಸಿಹಿನೀರಿನ ಸರೋವರ. ಸುಮಾರು 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ, ಬೆಟ್ಟಗಳ ನಡುವಿನ ಬಾಣಲೆಯ ಹಾಗೆ. ಮೇಲಿಂದ ಗಾಳಿ ಇಳಿದರೆ ನೋಡನೋಡುತ್ತಲೇ ಅಲೆ ಏಳುತ್ತದೆ. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ, ದಡದ ಕೆಸರಿನಲ್ಲಿ ಯೇಸುವಿನ ಕಾಲದ ಒಂದು ಮೀನುಗಾರರ ದೋಣಿ ಸಿಕ್ಕಿತು. ಉದ್ದ ಸುಮಾರು 8 ಮೀಟರ್, ಅಗಲ 2 ಮೀಟರಿಗಿಂತ ಸ್ವಲ್ಪ ಜಾಸ್ತಿ. ಇದೇ ಯೇಸು ಹತ್ತಿದ ದೋಣಿ ಅಂತ ಯಾರೂ ಹೇಳಲಾಗದು, ಆದರೆ ಅಂಥದ್ದೇ. ಒಂದು ಸಣ್ಣ ಕೋಣೆಯಷ್ಟು ಅಗಲವೂ ಇಲ್ಲದ ಜಾಗದಲ್ಲಿ ಹದಿಮೂರು ಜನ. ಅಲೆ ಒಳಗೆ ಬಂದು ಬೀಳುತ್ತಿದೆ. ಅದರೊಳಗೇ ಒಬ್ಬ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ.

ಶಿಷ್ಯರು ಆತನನ್ನು ಎಬ್ಬಿಸಿದ ರೀತಿ ನೋಡಿ. "ಗುರುವೇ, ನಾವು ಮುಳುಗಿಹೋಗುತ್ತೇವೆ, ನಿನಗೆ ಚಿಂತೆಯಿಲ್ಲವೇ?" ಇದು ಪ್ರಾರ್ಥನೆಯಾ, ಜಗಳವಾ? ಮಾತು ಜಗಳದ್ದೇ. ಆದರೂ ಆತನು ಎದ್ದ, ಗಾಳಿಯನ್ನು ಗದರಿಸಿದ, ಆಮೇಲೆ ಇವರನ್ನೂ ಕೇಳಿದ, ಯಾಕೆ ಧೈರ್ಯಗೆಡುತ್ತೀರಿ ಎಂದು. ಬೈದದ್ದು ಸಮುದ್ರ ಶಾಂತವಾದ ಮೇಲೆ. ಮೊದಲು ಸಹಾಯ, ಆಮೇಲೆ ಪಾಠ. ನನ್ನ ಗೆಳೆಯರು ಇದನ್ನು ತಿರುಗುಮುರುಗು ಮಾಡಿದ್ದರು, ಅಷ್ಟೇ.

ಬಿರುಗಾಳಿ ಅಂದಾಗ ಜಾನ್ ವೆಸ್ಲಿ ನೆನಪಾಗುತ್ತಾರೆ. 1736ರ ಜನವರಿ. ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಕ್ಕೆ ಹಡಗಿನಲ್ಲಿ ಹೊರಟಿದ್ದರು, ಮಿಷನರಿಯಾಗಿ. ಆಗ 32 ವರ್ಷ, ದೀಕ್ಷೆ ಪಡೆದ ಪಾದ್ರಿ. ಹಡಗಿನಲ್ಲಿ ಜರ್ಮನಿಯ ಮೊರೇವಿಯನ್ ಕ್ರೈಸ್ತರ ಒಂದು ಗುಂಪೂ ಇತ್ತು. 25ನೇ ತಾರೀಕು ಸಂಜೆ ಅವರು ಕೀರ್ತನೆ ಹಾಡಲು ಶುರುಮಾಡಿದ್ದರು. ಆಗ ದೊಡ್ಡದೊಂದು ಅಲೆ ಬಂದು ಹಡಗಿನ ದೊಡ್ಡ ಹಾಯಿಯನ್ನು ಹರಿದುಹಾಕಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರೆಲ್ಲ ಕಿರುಚಿಕೊಂಡರು. ಮೊರೇವಿಯನ್ನರು ಹಾಡು ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬರನ್ನು, ನಿಮಗೆ ಹೆದರಿಕೆಯಾಗಲಿಲ್ಲವಾ ಎಂದು ಕೇಳಿದರು. ದೇವರ ದಯೆ, ಇಲ್ಲ ಎಂದರು. ಹೆಂಗಸರು ಮಕ್ಕಳಿಗೆ? ನಮ್ಮ ಹೆಂಗಸರು ಮಕ್ಕಳು ಸಾಯಲು ಹೆದರುವುದಿಲ್ಲ ಎಂದರು. ವೆಸ್ಲಿ ಇದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಹೆದರಿದ್ದು ಪಾದ್ರಿಯವರೇ. ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು, ಭರವಸೆ ಸಿಕ್ಕಿತು ಎಂದು ಅವರು ಹೇಳಿಕೊಳ್ಳಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು, 1738ರ ಮೇ ತಿಂಗಳವರೆಗೆ.

ಈ ಕಥೆ ಹೇಳಿ ನೀವೂ ಮೊರೇವಿಯನ್ನರಂತಾಗಿ ಅನ್ನುವುದು ಸುಲಭ. ನಾನು ಹೇಳುವುದಿಲ್ಲ, ನನಗೇ ಅದು ಬಂದಿಲ್ಲ. ಆದರೆ ಒಂದನ್ನು ಗಮನಿಸಿದ್ದೇನೆ. ಅವರು ಅಲೆ ಬಂದ ಮೇಲೆ ಹಾಡಲು ಶುರುಮಾಡಿದವರಲ್ಲ. ಅಲೆ ಬರುವಾಗ ಹಾಡುತ್ತಿದ್ದರು. ದಿನಾ ಸಂಜೆ ಕೂತು ಹಾಡುವ ಅಭ್ಯಾಸ ಇದ್ದವರಿಗೆ ಬಾಯಿಗೆ ಹಾಡು ಬರುತ್ತದೆ. ರಾತ್ರಿ ಮೂರು ಗಂಟೆಗೆ ನನಗೆ ವಾಕ್ಯ ನೆನಪಾಗದೆ ಇದ್ದದ್ದಕ್ಕೆ ಒಂದು ಕಾರಣ, ನಾನು ಅದನ್ನು ಉಪದೇಶಕ್ಕೆ ಅಂತ ಓದಿದ್ದೆ, ನನಗೆ ಅಂತ ಓದಿರಲಿಲ್ಲ.

ಇನ್ನೊಂದು ರಾತ್ರಿಯ ಕಥೆ. ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. 1956ರ ಜನವರಿ 27, ಅಲಬಾಮಾದ ಮಾಂಟ್‌ಗಮರಿ. ಬಸ್ಸುಗಳಲ್ಲಿನ ವರ್ಣಭೇದವನ್ನು ವಿರೋಧಿಸಿ ಕರಿಯರು ಬಸ್ ಹತ್ತುವುದನ್ನು ನಿಲ್ಲಿಸಿ ಎರಡು ತಿಂಗಳಾಗುತ್ತಾ ಬಂದಿತ್ತು, ಅದರ ಮುಂದಾಳು ಪಾದ್ರಿಯಾಗಿದ್ದ ಕಿಂಗ್. ಕಿಂಗ್ ಅವರಿಗೆ 27 ವರ್ಷ, ಮನೆಯಲ್ಲಿ ಹೆಂಡತಿ, ಎರಡು ತಿಂಗಳ ಹೆಣ್ಣುಮಗು. ಮಧ್ಯರಾತ್ರಿ ಹೊತ್ತಿಗೆ ಫೋನ್ ಬಂತು. ಮೂರು ದಿನದಲ್ಲಿ ಊರು ಬಿಡದಿದ್ದರೆ ಕೊಲ್ಲುತ್ತೇವೆ, ಮನೆಗೆ ಬಾಂಬ್ ಹಾಕುತ್ತೇವೆ ಎಂಬ ಬೆದರಿಕೆ. ಅಂಥ ಫೋನ್ ದಿನಾ ಬರುತ್ತಿದ್ದವು. ಆ ರಾತ್ರಿ ಮಾತ್ರ ಯಾಕೋ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿಕೊಂಡರು. ಮರ್ಯಾದೆ ಕಳೆದುಕೊಳ್ಳದೆ ಇದರಿಂದ ಹೊರಬರುವುದು ಹೇಗೆ ಅಂತ ಯೋಚಿಸುತ್ತಾ ಕೂತರು. ಆಮೇಲೆ ತಲೆಯನ್ನು ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಪ್ರಾರ್ಥಿಸಿದರು. ಅವರೇ ಆಮೇಲೆ ಹೇಳಿಕೊಂಡದ್ದರ ತಿರುಳು ಇದು: ನಾನು ಸರಿ ಎಂದು ನಂಬಿದ್ದಕ್ಕೆ ನಿಂತಿದ್ದೇನೆ, ಆದರೆ ಈಗ ಹೆದರಿಕೆಯಾಗುತ್ತಿದೆ, ಜನ ನನ್ನ ಮುಖ ನೋಡುತ್ತಿದ್ದಾರೆ, ನನ್ನಲ್ಲಿ ಇನ್ನೇನೂ ಉಳಿದಿಲ್ಲ, ಒಬ್ಬನೇ ಎದುರಿಸಲಾರೆ. ಆಗ ಹಿಂದೆಂದೂ ಇಲ್ಲದಷ್ಟು ಹತ್ತಿರದಲ್ಲಿ ದೇವರು ಇದ್ದಾನೆ ಎಂದು ಅನಿಸಿತಂತೆ.

ಮೂರು ದಿನ ಕಳೆದು, ಜನವರಿ 30ರಂದು, ಮನೆಗೆ ಬಾಂಬ್ ಬಿತ್ತು. ಅವರು ಸಭೆಯೊಂದರಲ್ಲಿದ್ದರು. ಹೆಂಡತಿ, ಮಗು ಮನೆಯಲ್ಲೇ ಇದ್ದರೂ ಉಳಿದರು. ಮನೆಯ ಮುಂದೆ ಸಿಟ್ಟಿನಿಂದ ಸೇರಿದ ಜನರಿಗೆ, ಆಯುಧ ತಂದವರು ಮನೆಗೆ ತೆಗೆದುಕೊಂಡು ಹೋಗಿ ಅಂತ ಹೇಳಿ ಕಳಿಸಿದರು. ಆ ಮಾತು ಆಡುವ ಶಕ್ತಿ ಎಲ್ಲಿಂದ ಬಂತು ಅಂತ ಕೇಳಿದರೆ ನಾನು ಆ ಅಡುಗೆಮನೆಯ ಮೇಜನ್ನು ತೋರಿಸುತ್ತೇನೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಅದನ್ನು ಜಾರಿಸಿಕೊಂಡು ಹೋಗಬಾರದು. 1956ರಲ್ಲಿ ಉಳಿದ ಕಿಂಗ್ 1968ರ ಏಪ್ರಿಲ್ 4ರಂದು ಗುಂಡೇಟಿಗೆ ಸತ್ತರು. ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1944ರಲ್ಲಿ ನಾಜಿಗಳ ಸೆರೆಮನೆಯಲ್ಲಿ 'ನಾನು ಯಾರು?' ಎಂಬ ಪದ್ಯ ಬರೆದರು. ಹೊರಗಿನವರು ನನ್ನನ್ನು ಸಮಾಧಾನಿ, ಧೈರ್ಯಸ್ಥ ಅನ್ನುತ್ತಾರೆ, ಒಳಗೆ ನಾನು ಪಂಜರದ ಹಕ್ಕಿಯಂತೆ ಚಡಪಡಿಸುತ್ತಿದ್ದೇನೆ, ಇವರಲ್ಲಿ ನಾನು ಯಾರು ಎಂದು ಕೇಳಿಕೊಂಡು, ಯಾರಾದರೂ ಆಗಿರಲಿ, ದೇವರೇ, ನಾನು ನಿನ್ನವನು ಎಂಬ ಮಾತಿಗೆ ಬಂದು ನಿಲ್ಲುತ್ತಾರೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಯುರೋಪಿನಲ್ಲಿ ಯುದ್ಧ ಮುಗಿಯಲು ಒಂದು ತಿಂಗಳೂ ಇರಲಿಲ್ಲ. ದೇವರಲ್ಲಿ ಭರವಸೆ ಇಟ್ಟರೆ ಹೆದರಿದ್ದು ಆಗುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ.

ನನ್ನ ರಿಪೋರ್ಟಿನ ಮಾತು ಬಾಕಿ ಇತ್ತು. ಅದರಲ್ಲಿ ಏನೂ ಕೆಟ್ಟದ್ದು ಇರಲಿಲ್ಲ. ಕಾಗದ ಕೈಗೆ ಬಂದಾಗ ಕಾಲು ಸೋತು ಅಲ್ಲೇ ಬೆಂಚಿನ ಮೇಲೆ ಕೂತೆ, ಸ್ತೋತ್ರ ಹೇಳಿದೆ. ಅದೇ ಬೆಂಚಿನ ಆ ತುದಿಯಲ್ಲಿ ಒಬ್ಬ ವಯಸ್ಸಾದ ತಾಯಿ ಕೂತಿದ್ದರು. ಕೈಯಲ್ಲಿ ಸಣ್ಣ ಹೊಸ ಒಡಂಬಡಿಕೆ, ಅಂಚು ಸವೆದು ಹತ್ತಿಯ ಹಾಗೆ ಮೆತ್ತಗಾಗಿತ್ತು. ಅವರ ರಿಪೋರ್ಟ್ ಬೇರೆ ಥರ ಬಂದಿತ್ತು. ನನ್ನ ಮುಖ ನೋಡಿ ಅವರಿಗೇ ಗೊತ್ತಾಯಿತು. "ನಿಮ್ದು ಒಳ್ಳೇದು ಬಂತಾ? ದೇವರಿಗೆ ಸ್ತೋತ್ರ ಮಗಾ" ಅಂದರು. ನನಗಿಂತ ಅವರ ನಂಬಿಕೆ ದೊಡ್ಡದು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಗಾಗಿ ನನ್ನ ರಿಪೋರ್ಟ್ ನನ್ನ ನಂಬಿಕೆಗೆ ಸಿಕ್ಕ ಬಹುಮಾನ ಅಂತ ಸಾಕ್ಷಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ದಾನಿಯೇಲನ ಪುಸ್ತಕದಲ್ಲಿ ಮೂವರು ಯುವಕರು ಬೆಂಕಿಯ ಆವಿಗೆಯ ಮುಂದೆ ನಿಂತು ಅರಸನಿಗೆ ಹೇಳಿದ ಮಾತು ನೆನಪಿದೆಯಲ್ಲ? ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು. ಒಂದು ವೇಳೆ ಬಿಡಿಸದಿದ್ದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ. 'ಬಿಡಿಸದಿದ್ದರೂ' ಎಂಬ ಮಾತಿನ ತೂಕ ಎಷ್ಟು! ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಅದೇ ಜಾಗದಲ್ಲಿ ನಿಂತ. ಬೆಚ್ಚಿ, ಮನಗುಂದಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಎಂದು ಮೂವರು ಗೆಳೆಯರ ಮುಂದೆ ಬಾಯಿಬಿಟ್ಟು ಹೇಳಿದ. ಈ ಕಷ್ಟದ ಪಾತ್ರೆ ಬೇಡ ಎಂದು ತಂದೆಯನ್ನು ಕೇಳಿದ. ಪಾತ್ರೆ ಹೋಗಲಿಲ್ಲ. ಗೆಳೆಯರು ನಿದ್ದೆ ಹೋದರು. ಹೆದರಿಕೆ ಬಂದದ್ದೇ ಪಾಪ ಅಂತ ನೀವು ಯಾರಿಗಾದರೂ ಹೇಳುವ ಮೊದಲು ಆ ತೋಟವನ್ನು ಒಂದು ಸಲ ನೆನಪಿಸಿಕೊಳ್ಳಿ.

ದೇಹದ ಬಗ್ಗೆಯೂ ಒಂದು ಮಾತು. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಓಡಿ, ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು, ಸಾಕಪ್ಪಾ, ಪ್ರಾಣ ತೆಗೆದುಕೋ ಅಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮಂದವಾದ ಸ್ವರ ಬಂದದ್ದು ನಲವತ್ತು ದಿನ ಆದ ಮೇಲೆ. ನಿಮ್ಮಲ್ಲಿ ಕೆಲವರಿಗೆ ಕಾರಣವೇ ಇಲ್ಲದೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ತಿಂಗಳುಗಟ್ಟಲೆ ನಿದ್ದೆ ಬರುವುದಿಲ್ಲ. ಅದು ಕಾಯಿಲೆ ಆಗಿರಬಹುದು. ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವಾಗ ನಂಬಿಕೆಯ ಪ್ರಶ್ನೆ ಏಳುವುದಿಲ್ಲ, ಇದಕ್ಕೆ ಮಾತ್ರ ಯಾಕೆ? ಪ್ರಾರ್ಥನೆಯನ್ನೂ ಮಾಡಿ. ಎರಡಕ್ಕೂ ಜಗಳ ಇಲ್ಲ.

ದೇವರಿಗೇ ಹೆದರಬೇಕು ಅಂತಲೂ ಬೈಬಲ್ ಹೇಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ವಿಮೋಚನಕಾಂಡ 20:20ರಲ್ಲಿ ಮೋಶೆ ಒಂದೇ ಉಸಿರಿನಲ್ಲಿ ಹೆದರಬೇಡಿರಿ ಅಂತಲೂ, ದೇವರ ಭಯ ನಿಮ್ಮಲ್ಲಿರಲಿ ಅಂತಲೂ ಹೇಳಿದ್ದಾನೆ. ನಮ್ಮ ಕನ್ನಡದ 'ಭಯಭಕ್ತಿ' ಎಂಬ ಜೋಡಿಪದ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಒಂದು ಭಯ ಓಡಿಸುತ್ತದೆ, ಇನ್ನೊಂದು ಹತ್ತಿರ ನಿಲ್ಲಿಸುತ್ತದೆ.

ಕೊನೆಗೆ ಒಂದು ಬಾಗಿಲಿನ ವಿಷಯ ಹೇಳಿ ಮುಗಿಸುತ್ತೇನೆ. ಯೋಹಾನ 20. ಯೇಸು ಎದ್ದ ದಿನದ ಸಂಜೆ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾರೆ. ಯೇಸು ಬಂದು ನಡುವೆ ನಿಂತು "ನಿಮಗೆ ಸಮಾಧಾನವಾಗಲಿ" ಅಂದ. ಕೈ, ಪಕ್ಕೆ ತೋರಿಸಿದ. ಅವರಿಗೆ ಸಂತೋಷವಾಯಿತು. ಇನ್ನೇನು, ಹೆದರಿಕೆ ಹೋಯಿತು, ಬಾಗಿಲು ತೆರೆದು ಬೀದಿಗೆ ಬಂದರು ಅಂತ ನಾವು ಅಂದುಕೊಳ್ಳುತ್ತೇವೆ. 26ನೇ ವಚನ ನೋಡಿ. ಎಂಟು ದಿನ ಆದ ಮೇಲೆ ಅವರು ಮತ್ತೆ ಒಳಗೆ ಇದ್ದರು. ಬಾಗಿಲು ಮುಚ್ಚಿಯೇ ಇತ್ತು.

ಎದ್ದು ಬಂದ ಕರ್ತನನ್ನು ಕಣ್ಣಾರೆ ಕಂಡವರು ಅವರು. ಆದರೂ ಅಗುಳಿ ಹಾಕಿಕೊಂಡು ಕೂತಿದ್ದರು. ಇನ್ನೂ ಬಾಗಿಲು ತೆಗೆದಿಲ್ಲವಾ ಅಂತ ಆತನು ಕೇಳಲಿಲ್ಲ. ಮತ್ತೆ ಬಂದ, ಮತ್ತೆ ನಡುವೆ ನಿಂತ, ಮತ್ತೆ ಅದೇ ಮಾತು ಹೇಳಿದ.

ಈಗ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂರೋಣ. ಹಾಡು ಬೇಡ, ಮೈಕ್ ಆರಿಸಿ. ನಿಮಗೆ ಯಾವುದರ ಹೆದರಿಕೆಯೋ ಅದರ ಹೆಸರು ಹಿಡಿದು, ಸುತ್ತಿಬಳಸದೆ, ಆತನಿಗೆ ಹೇಳಿ. ಜಗಳದ ಹಾಗೆ ಕೇಳಿಸಿದರೂ ಪರವಾಗಿಲ್ಲ. ಮನೆಗೆ ಹೋಗಬೇಕಾದವರು ಹೋಗಬಹುದು. ಇನ್ನೂ ಸ್ವಲ್ಪ ಕೂರಬೇಕು, ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದವರು ಕೂರಿ. ನಾನು ಇಲ್ಲೇ ಹಿಂದಿನ ಬೆಂಚಿನಲ್ಲಿ ಇರುತ್ತೇನೆ.